ಐದು ರೊಟ್ಟಿ ದೂರ

“ಸೊಸಿ ತವರಿಂದ ಬರವಲ್ಲಳು ಅಂದ್ರ ಅತ್ತೀದ ಏನರೆ ತಪ್ಪ ಇರಬೇಕು, ತಗೋ,” ಅಂದಳು ಬಾಗವ್ವ, ಜೋಳದ ಡಬ್ಬಿಯನ್ನು ನನ್ನ ಗಿರಣಿಯ ಕಟ್ಟೆಗೆ ಕುಕ್ಕುತ್ತ.

“ಮೆಲ್ಲಕ ಮಾತಾಡ ಬಾಗಿ. ಕರೆಂಟ ಹೋಗೇತಿ, ಗಿರಣಿ ಸಪ್ಪಳ ಇಲ್ಲ. ಆ ಕಡೆ ಕೇಳಿಸ್ತೈತಿ,” ಅಂದೆ ನಾನು.

“ಕೇಳ್ಲಿ ಅಂತನ ಅಂದೇನಿ.”

ಆ ಕಡೆ ಅಂದರೆ ಶೇವಂತವ್ವನ ಹೊಲಿಗೆ ಅಂಗಡಿ. ನನ್ನ ಗಿರಣಿಗೂ ಅವಳ ಅಂಗಡಿಗೂ ನಡುವೆ ಇರುವುದು ಒಂದೇ ಒಂದು ತಗಡು. ಅವಳು ಕತ್ತರಿ ಆಡಿಸಿದರೆ ನನಗೆ ಕೇಳುತ್ತದೆ. ನಾನು ಸೀನಿದರೆ ಅವಳು “ನೂರು ವರ್ಷ” ಅನ್ನುತ್ತಾಳೆ. ಆವತ್ತು ಬಾಗವ್ವನ ಮಾತಿಗೆ ಆ ಕಡೆಯ ಕತ್ತರಿ ನಿಂತುಬಿಟ್ಟಿತು. ಶ್ರಾವಣ ಹುಟ್ಟಿ ಹದಿನೆಂಟು ದಿನವಾಗಿತ್ತು. ಊರಿನ ಎಲ್ಲ ಸೊಸೆಯರೂ ಬಂದಿದ್ದರು, ಅವಳದೊಂದು ಬಂದಿರಲಿಲ್ಲ.

ಸೊಸೆ ಅಂದರೆ ಹೆಣ್ಣುಮಕ್ಕಳಲ್ಲ, ಮಾತುಗಳು. ನಮ್ಮ ಊರಲ್ಲಿ ಹೊರಗಿನಿಂದ ಬಂದ ಮಾತುಗಳೆಲ್ಲ ಆಷಾಢಕ್ಕೆ ತವರಿಗೆ ಹೋಗುತ್ತವೆ. ಬೇರೆ ಊರುಗಳಲ್ಲಿ ಹೋಗುವುದಿಲ್ಲವಂತೆ. ಪಾಪ, ಅಲ್ಲಿಯ ಜನ ಅವುಗಳಿಗೆ ವರ್ಷವಿಡೀ ಪುರುಸೊತ್ತು ಕೊಡುವುದಿಲ್ಲವೇನೋ. ನಮ್ಮಲ್ಲಿ ಆಷಾಢದ ಮೊದಲ ದಿನ ಮುಂಜಾನೆ ಎದ್ದು ಬಾಯಿ ತೆರೆದರೆ ಬಸ್ಸು ಇರುವುದಿಲ್ಲ. ಅಂದರೆ ಬಸ್ಸು ಇರುತ್ತದೆ, ಹೊಗೆ ಬಿಡುತ್ತ ನಿಂತಿರುತ್ತದೆ, ಹೆಸರು ಇರುವುದಿಲ್ಲ. ನಾವು “ದೊಡ್ಡ ಗಾಡಿ” ಅನ್ನುತ್ತೇವೆ. ಸ್ವಿಚ್ಚಿಗೆ “ಒತ್ತೂದು”. ಡಾಕ್ಟರಿಗೆ “ಸೂಜಿ ಚುಚ್ಚಾವರು”. ಬಾಗವ್ವ ಅವಳ ಮನೆಯ ಕುಕ್ಕರಿಗೆ “ಸಿಳ್ಳ ಹೊಡಿಯೂ ಗಡಗಿ” ಅನ್ನುತ್ತಾಳೆ. ಒಂದು ತಿಂಗಳು ಹಾಗೇ ಕೈಸನ್ನೆ, ಬಾಯಿಸನ್ನೆಯಲ್ಲಿ ಸಾಗುತ್ತದೆ. ಹಾಗಂತ ಎಲ್ಲ ಮಾತುಗಳೂ ಹೋಗುವುದಿಲ್ಲ. ಕುರ್ಚಿ, ಮೇಜು, ಸಾಬೂನು, ಕಾಗದ ಇವೆಲ್ಲ ಬಂದು ಎಷ್ಟೋ ತಲೆಮಾರಾಯಿತು, ಮೊಮ್ಮಕ್ಕಳನ್ನು ಕಂಡವು. ಮೊಮ್ಮಕ್ಕಳಾದ ಮೇಲೆ ಯಾವ ಹೆಂಗಸು ಆಷಾಢ ಅಂತ ಗಂಟು ಕಟ್ಟುತ್ತಾಳೆ?

ಯಾವ ಮಾತನ್ನು ಯಾವ ಮನೆಯವರು ಮೊದಲು ಊರೊಳಗೆ ತಂದರೋ ಆ ಮನೆ ಆ ಮಾತಿನ ಅತ್ತೆಮನೆ. ಕಳಿಸುವ ಭಾರ ಅವರದೇ. ಆಷಾಢ ಹಿಡಿಯುವ ದಿನ ಅತ್ತೆಯಾದವಳು ಊರ ಹೆಬ್ಬಾಗಿಲಾದ ಅಗಸಿಗೆ ಹೋಗಿ, ಅಲ್ಲಿಯ ಬೇವಿನ ಟೊಂಗೆಗೆ ಬುತ್ತಿ ಕಟ್ಟಿ, ದಾರಿ ಹೇಳಬೇಕು. ಇಂಥ ದಿಕ್ಕು, ಇಂಥಲ್ಲಿ ವಸತಿ, ಇಂಥದು ನಿನ್ನ ತವರು, ಹೋಗಿ ಬಾರವ್ವ ಅಂತ. ಬುತ್ತಿಯಲ್ಲಿ ವಸತಿಗೊಂದರಂತೆ ರೊಟ್ಟಿ. ಬಾಗವ್ವನ ಕುಕ್ಕರಿಗೆ ಇಪ್ಪತ್ತಾರು. ಶೇವಂತವ್ವನ ಮಾತಿಗೆ ಇಪ್ಪತ್ತೊಂದು. ಶ್ರಾವಣದ ಪಾಡ್ಯಕ್ಕೆ ಅವು ತಿರುಗಿ ಬರುತ್ತವೆ. ಬಂದದ್ದು ಹೇಗೆ ಗೊತ್ತಾಗುತ್ತದೆ ಅಂದರೆ, ಬಾಯಲ್ಲಿ ಬಂದಿರುತ್ತದೆ, ಅಷ್ಟೆ. ಅಗಸಿ ಕಾಯುವ ದುಂಡಪ್ಪಜ್ಜ ಆವತ್ತು ಮುಂಜಾನೆಯಿಂದ ಕಟ್ಟೆಯ ಮೇಲೆ ಕೂತು, ಹೋಗಿಬರುವವರನ್ನೆಲ್ಲ ನಿಲ್ಲಿಸಿ ಆಡಿಸಿ ನೋಡಿ, “ಸೈಕಲ್ಲು ಬಂತೂ! ತಿಕೀಟು ಬಂತೂ!” ಅಂತ ಒದರುತ್ತಾನೆ. ಬಾಗವ್ವನ ಕುಕ್ಕರು ಎಲ್ಲಕ್ಕಿಂತ ಮೊದಲು ಬರುತ್ತದೆ. ಅವಳಿನ್ನೂ ಮುಖ ತೊಳೆದಿರುವುದಿಲ್ಲ, ಅದು ಬಂದಿರುತ್ತದೆ. ಅದೇ ಅವಳಿಗೆ ಸೊಕ್ಕು.

ಶೇವಂತವ್ವನದು ಮಾತ್ರ ಪ್ರತಿ ವರ್ಷ ತಡ. ಪಾಡ್ಯಕ್ಕೆ ಬಾರದೆ, ಪಂಚಮಿ ಕಳೆದು, ಷಷ್ಠಿಯ ದಿನ ಉಸಿರು ಬಿಡುತ್ತ ಬರುತ್ತಿತ್ತು. ಜನ ನಗುತ್ತಿದ್ದರು. “ಶೇವಂತಿ ಸೊಸಿ ದಾರ್‍ಯಾಗ ನಾಗಪ್ಪಗ ಹಾಲೆರದ ಬರ್ತಾಳ” ಅನ್ನುತ್ತಿದ್ದರು. ಈ ವರ್ಷ ಷಷ್ಠಿಯೂ ಹೋಯಿತು, ಹುಣ್ಣಿಮೆಯೂ ಹೋಯಿತು.

ಆ ಮಾತು ಯಾವುದು ಅಂತ ನೀವು ಕೇಳುತ್ತೀರಿ. ಈಗಲೇ ಬರೆಯುವುದಿಲ್ಲ. ಆ ದಿನಗಳಲ್ಲಿ ಅದು ನಮ್ಮ ಯಾರ ಬಾಯಲ್ಲೂ ಇರಲಿಲ್ಲ. ಇಲ್ಲದ್ದನ್ನು ಇದ್ದಹಾಗೆ ಬರೆದರೆ ಕಥೆ ಕೆಡುತ್ತದೆ. ವಸ್ತುವನ್ನು ಮಾತ್ರ ಹೇಳುತ್ತೇನೆ. ಬಿದಿರಿನ ಕಡ್ಡಿಗಳನ್ನು ಬಗ್ಗಿಸಿ ಬುಟ್ಟಿಯ ಹಾಗೆ ಮಾಡಿ, ಅದರ ಸುತ್ತ ತೆಳ್ಳನೆಯ ಬಟ್ಟೆ ಹೊಲಿದು, ಬಲ್ಬಿನ ಮೇಲೆ ಬೋರಲು ಹಾಕುತ್ತಾರಲ್ಲ, ಅದು. ಬೆಳಕು ಕಣ್ಣಿಗೆ ಚುಚ್ಚದೆ ಕೆಳಗೆ ಇಳಿಯುತ್ತದೆ. ನಮ್ಮ ಊರಲ್ಲಿ ಅದಿಲ್ಲದ ಪಡಸಾಲೆ ಇಲ್ಲ. ಎಲ್ಲವನ್ನೂ ಹೊಲಿದವಳು ಶೇವಂತವ್ವ, ಅವಳಿಗೆ ಕಲಿಸಿದವಳು ಹಲಿನವ್ವ. ಆಷಾಢದಲ್ಲಿ ಮಾತ್ರ ಅದಕ್ಕೆ “ದೀಪದ ಕುಂಚಗಿ” ಅನ್ನುತ್ತಿದ್ದೆವು, ಕೂಸಿನ ತಲೆಗೆ ಹಾಕುವ ಕುಂಚಿಗೆಯ ಹಾಗೆ ಕಾಣುತ್ತದೆ ಅಂತ.

ಹಲಿನವ್ವ ಪೋಲಂಡ್ ದೇಶದವಳು. ಹಲೀನಾ ಅಂತ ಹೆಸರು. ದೊಡ್ಡ ಲಡಾಯಿಯಲ್ಲಿ ಮನೆಮಠ ಕಳೆದುಕೊಂಡು, ಹಿಮದ ನಾಡು ದಾಟಿ, ಇರಾಣ ದಾಟಿ, ಹಡಗು ಹತ್ತಿ ಈ ಕಡೆ ಬಂದವರ ಗುಂಪಿನಲ್ಲಿ ಅವಳೂ ಇದ್ದಳು. ಲಡಾಯಿ ಮುಗಿದು ಉಳಿದವರೆಲ್ಲ ಹೊರಟಾಗ, ತಿರುಗಿ ಹೋಗಲು ತನಗೆ ಯಾರೂ ಉಳಿದಿಲ್ಲ ಅಂತ ಒಬ್ಬಳೇ ನಮ್ಮ ಊರಿಗೆ ಬಂದು ಹೊಲಿಗೆ ಅಂಗಡಿ ಹಾಕಿದಳು. ನಾನು ಸಣ್ಣಾಕೆಯಿದ್ದಾಗಿನಿಂದ ಅವಳನ್ನು ನೋಡಿದ್ದೇನೆ. ಬೆಳ್ಳಗೆ, ಎತ್ತರಕ್ಕೆ, ಇಲಕಲ್ ಸೀರೆ ಉಟ್ಟು, “ಎಮ್ಮಿ ಬಂದಾನ, ಗೌಡ ಬಂದಾಳ” ಅಂತ ಕನ್ನಡ ಆಡುತ್ತಿದ್ದಳು. ಒಂದು ದಿನ ಹತ್ತಿ ಬಿಡಿಸುವ ಜಿನ್ನಿನ ಹಿಂದೆ ಯಾರೋ ಬಿಟ್ಟುಹೋದ ಮೂರು ತಿಂಗಳ ಕೂಸು ಸಿಕ್ಕಿತು. ಊರವರು ಯಾರ ಕೂಸು, ಯಾವ ಕುಲ ಅಂತ ಮಾತಾಡಿಕೊಳ್ಳುವುದರೊಳಗೆ ಹಲಿನವ್ವ ಅದನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದೇ ಶೇವಂತವ್ವ. ಆ ಕೂಸು ಮೊದಲು ಆಡಿದ ಮಾತು ಅವ್ವ ಅಲ್ಲ, ಅಪ್ಪ ಅಲ್ಲ, ತಲೆಯ ಮೇಲಿನ ಬೆಳಕಿನ ಕಡೆ ಬೆರಳು ಮಾಡಿ ಆಡಿದ ಆ ಪೋಲಂಡಿನ ಮಾತು. ಹಲಿನವ್ವ ತೀರಿಕೊಂಡು ಹದಿನೈದು ವರ್ಷವಾಗಿದೆ. ಒಂದು ಫೋಟೋ ಕೂಡ ಇಲ್ಲ. ಊರು ಆಡುವ ಆ ಒಂದು ಮಾತು ಬಿಟ್ಟರೆ ಅವಳು ಇಲ್ಲಿ ಇದ್ದಳು ಅನ್ನುವುದಕ್ಕೆ ಏನೂ ಇಲ್ಲ.

ಶ್ರಾವಣದ ಅಮಾವಾಸ್ಯೆಯ ಸಂಜೆಯೊಳಗೆ ಬಾರದ ಮಾತು ಮತ್ತೆ ಬರುವುದಿಲ್ಲ. ಅದರ ಬದಲು ಆಡುತ್ತಿದ್ದ ಮಾತನ್ನೇ ದುಂಡಪ್ಪಜ್ಜ ಅಗಸಿಯಲ್ಲಿ ಕೂಗಿ ಕಾಯಂ ಮಾಡುತ್ತಾನೆ. ನಮ್ಮ ಅಜ್ಜಿಯ ಕಾಲದಲ್ಲಿ ಒಂದು ಮಾತು ಹಾಗೆ ಹೋಯಿತಂತೆ. ಯಾವ ಮಾತು ಅಂತ ಕೇಳಿದರೆ ಅಜ್ಜಿ ಬಾಯಿ ತೆರೆದು, ಮುಚ್ಚಿ, “ಒಂದ ಇತ್ತು” ಅನ್ನುತ್ತಿದ್ದಳು. ಅಷ್ಟೇ ಉಳಿದದ್ದು. ಹಲಿನವ್ವನದೂ ಹಾಗೇ “ಒಂದ ಇತ್ತು” ಆಗಲಿಕ್ಕೆ ಇನ್ನು ಹನ್ನೆರಡು ದಿನ ಇತ್ತು.

“ಕುಂಚಗಿ ಅಂದ್ರ ಏನ ಕೆಟ್ಟ ಐತಿ?” ಅಂತ ಬಾಗವ್ವ ಅವತ್ತು ಹೋಗುವಾಗಲೂ ಅಂದಳು, ತಗಡಿನ ಕಡೆ ಮುಖ ಮಾಡಿ. “ನಮ್ಮದ ಮಾತು. ಯಾವ ಆಷಾಢಕ್ಕೂ ಎಲ್ಲಿಗೂ ಹೋಗಂಗಿಲ್ಲ. ರೊಟ್ಟಿ ಬಡಿಯೂ ತ್ರಾಸ ಇಲ್ಲ.”

ಆ ಕಡೆಯಿಂದ ಶೇವಂತವ್ವ ಅಂದಳು, “ಬಾಗಕ್ಕಾ, ಕುಕ್ಕರಿಗೂ ಗಡಗಿ ಅನ್ನು ಹಂಗಾರ.”

“ಅದ ಬಂದೈತಲ್ಲ, ಯಾಕ ಅನ್ನಲಿ?” ಅಂತ ಬಾಗವ್ವ ತನ್ನ ಡಬ್ಬಿ ಬಿಟ್ಟು ಬೇರೆ ಯಾರದೋ ಡಬ್ಬಿ ಎತ್ತಿಕೊಂಡು ಹೋದಳು. ಸಿಟ್ಟು ಬಂದರೆ ಅವಳಿಗೆ ಯಾವುದು ತನ್ನದು ಅನ್ನುವುದು ಮರೆಯುತ್ತದೆ.

ಮರುದಿನ ಸವರಿಮುತ್ತು ಬಂದ. ಹೊಲಿಗೆ ಮಶೀನು ರಿಪೇರಿ ಮಾಡುವವನು, ಪಾಂಡಿಚೇರಿಯವನು. ವರ್ಷಕ್ಕೊಮ್ಮೆ ಊರೂರು ಸುತ್ತುತ್ತ ಬರುತ್ತಾನಂತೆ. ನಮ್ಮ ಊರಿಗೆ ಅದೇ ಮೊದಲು. ಎಣ್ಣೆ ಡಬ್ಬಿ, ಸೂಜಿ ಪೊಟ್ಟಣ, ಬೆಲ್ಟುಗಳ ಸುರುಳಿ ಎಲ್ಲ ಸೈಕಲ್ಲಿಗೆ ತೂಗುಬಿಟ್ಟುಕೊಂಡಿದ್ದ. ಶೇವಂತವ್ವನ ಮಶೀನಿನ ಕೆಳಗೆ ಮಲಗಿ ಏನೋ ತಿರುವುತ್ತಿದ್ದವನು ಮೇಲೆ ನೋಡಿದ. ಮಾಡಿನಿಂದ ಹತ್ತು ಹನ್ನೆರಡು ಕುಂಚಿಗೆಗಳು ಇಳಿಬಿದ್ದಿದ್ದವು.

“ಅಮ್ಮಾ, ಎಷ್ಟು ಚೆನ್ನಾಗಿದೆ ನಿಮ್ಮ ಅಬಾ-ಜೂರ್,” ಅಂದ.

ನಾನು ತಗಡಿನ ಈ ಕಡೆ ಇದ್ದೆ. ಕಿವಿ ನೆಟ್ಟಗಾಯಿತು. ಗಿರಣಿ ಬಂದ್ ಮಾಡಿ ಓಡಿದೆ. ಶೇವಂತವ್ವ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಾನು ಅವನು ಅಂದದ್ದನ್ನು ಅನ್ನಲು ನೋಡಿದೆ. ನಾಲಿಗೆ ಎದ್ದು, ಹಾಗೇ ಮಲಗಿತು. ಅವಳೂ ನೋಡಿದಳು. ಬರಲಿಲ್ಲ. ಅವನ ಬಾಯಲ್ಲಿದ್ದದ್ದು ಅವನದು. ನಮ್ಮದು ಇನ್ನೂ ಬಂದಿರಲಿಲ್ಲ.

“ಎಪ್ಪಾ, ನಿಮಗ ಪೋಲಂಡ್ ಮಾತ ಹೆಂಗ ಗೊತ್ತು?” ಅಂತ ಶೇವಂತವ್ವ ಕೇಳಿದಳು.

“ಪೋಲಂಡ್? ಅಲ್ಲಮ್ಮಾ, ಇದು ಫ್ರೆಂಚು. ನಮ್ಮಜ್ಜಿ ಫ್ರೆಂಚು ದೊರೆ ಮನೇಲಿ ಆಯಾ ಆಗಿದ್ದಳು. ಅಬಾ ಅಂದರೆ ಕೆಳಗೆ ಬೀಳಿಸೋದು, ತಗ್ಗಿಸೋದು. ಜೂರ್ ಅಂದರೆ ಹಗಲು. ಮೊದಲು ಕಿಟಕಿಗೆ ಇಳಿಜಾರಾಗಿ ಹಾಕೋರಂತೆ, ಹಗಲಿನ ಬೆಳಕು ಕೆಳಗೆ ಇಳೀಲಿ ಅಂತ. ಆಮೇಲೆ ದೀಪಕ್ಕೆ ಬಂತು. ಅಜ್ಜಿ ದಿನಾ ಅದರ ಧೂಳು ಹೊಡೀತಾ ಇದ್ದಳಲ್ಲ, ಅವಳಿಗೆ ಚೆನ್ನಾಗಿ ಗೊತ್ತು.”

“ನಮ್ಮವ್ವ ಪೋಲಂಡಿನಾಕಿ. ಅಕೀ ಮಾತ ಇದು.”

“ಇರಬಹುದಮ್ಮಾ. ಪೋಲಂಡಿನವರು ಫ್ರಾನ್ಸಿಂದ ತಗೊಂಡಿರಬಹುದು. ಒಳ್ಳೆ ವಸ್ತು ಬಂದರೆ ಹೆಸರೂ ಜೊತೇಲೇ ಬರುತ್ತೆ. ನಮ್ಮ ಕಡೇನೂ ಹಾಗೇ, ನಿಮ್ಮ ಕಡೇನೂ ಹಾಗೇ.”

ಅವನು ಸುಮ್ಮನೆ ಹೇಳಿ ಮತ್ತೆ ಮಶೀನಿನ ಕೆಳಗೆ ಸರಿದ. ಶೇವಂತವ್ವ ನನ್ನ ಮುಖ ನೋಡಿದಳು. ನನಗೂ ಹೊಳೆದಿತ್ತು. ಪೋಲಂಡು ಆ ಮಾತಿನ ತವರಲ್ಲ. ಅಲ್ಲಿಯೂ ಅದು ಸೊಸೆ. ನಾವು ನಲವತ್ತು ವರ್ಷ ಅದನ್ನು ಒಂದು ಅತ್ತೆಮನೆಯಿಂದ ಇನ್ನೊಂದು ಅತ್ತೆಮನೆಗೆ ಕಳಿಸುತ್ತಿದ್ದೆವು.

ಮಕ್ಕಳ ಸಾಲಿಯಲ್ಲಿ ಗೋಡೆಗೆ ಲೋಕದ ನಕಾಶೆ ಇದೆ. ಬುತ್ತಿಯ ರೊಟ್ಟಿ ಲೆಕ್ಕವನ್ನು ದಾರಿಯಲ್ಲಿ ಅವನಿಗೆ ಹೇಳುತ್ತ ಮೂವರೂ ಹೋದೆವು. ಸವರಿಮುತ್ತು ತನ್ನ ದಾರದ ಉಂಡೆ ಬಿಚ್ಚಿ, ನಮ್ಮ ಊರು ಇರಬೇಕಾದಲ್ಲಿ ಒಂದು ತುದಿ ಹಿಡಿಯಲು ನನಗೆ ಕೊಟ್ಟ. ನಮ್ಮ ಊರು ಆ ನಕಾಶೆಯಲ್ಲಿ ಇಲ್ಲ, ಯಾವ ನಕಾಶೆಯಲ್ಲೂ ಇಲ್ಲ, ಅಂದಾಜಿನ ಮೇಲೆ ಹಿಡಿದೆ. ಇನ್ನೊಂದು ತುದಿ ಪೋಲಂಡಿಗೆ. “ಇದು ನಿಮ್ಮ ಇಪ್ಪತ್ತೊಂದು ರೊಟ್ಟಿ, ಸರೀನಾ?” ಅಂತ ಕೇಳಿ ಅದನ್ನು ಇಪ್ಪತ್ತೊಂದು ಸಮಪಾಲು ಮಾಡಿ ಗಂಟು ಹಾಕಿದ. ಆಮೇಲೆ ಪೋಲಂಡಿನಿಂದ ಫ್ರಾನ್ಸಿಗೆ ದಾರ ಎಳೆದ. ಐದು ಗಂಟು.

“ಐದು ರೊಟ್ಟಿ,” ಅಂದಳು ಶೇವಂತವ್ವ. “ಐದು ರೊಟ್ಟಿ ಕಡಿಮಿ ಕಟ್ಟೇನಿ ನಾ.”

ಷಷ್ಠಿಯ ದಿನ ಉಸಿರು ಬಿಡುತ್ತ ಬರುತ್ತಿದ್ದದ್ದು ಯಾಕೆ ಅಂತ ನಮಗೆ ಆಗ ತಿಳಿಯಿತು. ಪೋಲಂಡಿನಲ್ಲಿ ಬುತ್ತಿ ಮುಗಿದ ಮೇಲೆ ಪಾಪ ಅದು ಮುಂದಿನ ಐದು ವಸತಿ ಬರಿಹೊಟ್ಟೆಯಲ್ಲಿ ನಡೆದಿದೆ. ಹಸಿದ ಕಾಲು ಬೇಗ ಎತ್ತುತ್ತದೆಯೇ? ಶೇವಂತವ್ವ ಸಾಲಿಯ ಹೊಸ್ತಿಲಲ್ಲೇ ಕೂತು ಅತ್ತಳು. ಐದು ರೊಟ್ಟಿಗೆ ಯಾಕೆ ಅಳಬೇಕು ಅಂತ ಸವರಿಮುತ್ತುವಿಗೆ ಅರ್ಥವಾಗಲಿಲ್ಲ. ತನ್ನಿಂದ ಏನೋ ತಪ್ಪಾಯಿತು ಅಂತ ತಿಳಿದು, ಮಶೀನಿಗೆ ಒಂದು ಹೊಸ ಬೆಲ್ಟು ಪುಕ್ಕಟೆ ಹಾಕಿ, ಊಟಕ್ಕೂ ನಿಲ್ಲದೆ ಹೋದ.

ವಿಷಯ ಹಬ್ಬಲು ನನ್ನ ಗಿರಣಿ ಇರುವಾಗ ಬೇರೆ ಏನು ಬೇಕು. ನಾನೇ ನಾಲ್ಕು ಜನಕ್ಕೆ ಹೇಳಿದೆ, ಒಪ್ಪಿಕೊಳ್ಳುತ್ತೇನೆ. ಒಬ್ಬೊಬ್ಬರು ಒಂದೊಂದು ಅಂದರು. ಹಸಿದು ಹಸಿದು ಸಾಕಾಗಿ ತವರಲ್ಲೇ ಕೂತಿದೆ ಅಂದರು ಕೆಲವರು. ಬಾಗವ್ವ ಅಂದದ್ದು ಮಾತ್ರ ಕರುಳಿಗೆ ತಾಗುವಂಥದು. “ತನ್ನ ತವರ ಯಾವದು ಅಂತ ಗೊತ್ತಿಲ್ಲದ ಮನಿಗೆ ಅಕಿ ಇನ್ನೆಷ್ಟು ವರ್ಷ ಬರಬೇಕ? ಅವರವ್ವನ ಹೋಗಬ್ಯಾಡ ಅಂದಿರಬೇಕು.”

ತಗಡಿನ ಆ ಕಡೆ ಅಂದು ಇಡೀ ದಿನ ಕತ್ತರಿಯ ಸಪ್ಪಳವಿರಲಿಲ್ಲ.

ದಾರಿ ತಪ್ಪಿ ಹೇಳಿದ್ದಾದರೆ ತಿದ್ದಲು ನಮ್ಮಲ್ಲಿ ಒಂದು ರೀತಿ ಇದೆ. ಸೊಸೆಯನ್ನು ಕರೆಯಲು ಹೋಗುವವರು ಬುತ್ತಿ ಒಯ್ಯುವುದಿಲ್ಲವೇ, ಹಾಗೆ ಶ್ರಾವಣದಲ್ಲೂ ಒಂದು ಸಲ ಬುತ್ತಿ ಕಟ್ಟಬಹುದು. ಆದರೆ ಕಟ್ಟುವ ಮೊದಲು ಅಗಸಿಯಲ್ಲಿ ನಾಲ್ಕು ಮಂದಿಯ ಎದುರು “ಮೊದಲು ಹೇಳಿದವರು ಹೇಳಿದ್ದು ಸುಳ್ಳು” ಅಂತ ಮೂರು ಸಲ ಅನ್ನಬೇಕು. ಇನಾಮದಾರರ ಮನೆಯವರು ಹಿಂದೆ ಒಮ್ಮೆ ಅಂದಿದ್ದರು. ಅವರ ಅಜ್ಜ ಇಸ್ತ್ರಿಯನ್ನು ಇಂಗ್ಲೀಷರದು ಅಂತ ಹೇಳಿ ಕಳಿಸುತ್ತಿದ್ದ. ಅದು ಪೋರ್ತುಗೀಜರ ಕಡೆಯದು ಅಂತ ಆಮೇಲೆ ತಿಳಿಯಿತು. ಅಜ್ಜ ಸುಳ್ಳ ಅಂತ ಮೂರು ಸಲ ಅಂದು, ಬುತ್ತಿ ಕಟ್ಟಿ, ಮನೆಗೆ ಹೋಗಿ ಹೋಳಿಗೆ ಉಂಡರು. ಅವರಿಗೆ ಅಜ್ಜನ ಮೇಲೆ ಮೊದಲೇ ಸಿಟ್ಟಿತ್ತು.

“ನಾ ಅನ್ನಂಗಿಲ್ಲ ನೀಲಕ್ಕಾ,” ಅಂದಳು ಶೇವಂತವ್ವ. ಚತುರ್ದಶಿಯ ಹಿಂದಿನ ದಿನ ಇಪ್ಪತ್ತಾರು ರೊಟ್ಟಿಗೆ ಆಗುವಷ್ಟು ಜೋಳ ತಂದಿದ್ದಳು, ನಾನು ಬೀಸುತ್ತಿದ್ದೆ.

“ಅನ್ನದಿದ್ರ ಬುತ್ತಿ ಕಟ್ಟಾಕ ಬಿಡಂಗಿಲ್ಲ ಅಜ್ಜ. ಬುತ್ತಿ ಕಟ್ಟದಿದ್ರ ಮಾತ ಹೋತು. ಬರೇ ಬಾಯಿಮಾತಲ್ಲೇನ? ಸತ್ತವರಿಗೆ ಏನ ಕೇಳಿಸ್ತೈತಿ?”

“ನನಗ ಕೇಳಿಸ್ತೈತಲ್ಲ.” ಅವಳು ಹಿಟ್ಟಿಗೆ ಕೈ ಒಡ್ಡಿ ಅದು ಬಿಸಿಯಿದೆಯೋ ಅಂತ ನೋಡಿದಳು. “ಊರ ಮಂದಿ ನನಗ ಯಾರ ಮಗಳೋ ಅಂತಾರ. ಅನ್ನಲಿ, ಖರೇನ ಐತಿ. ಯಾರ ಮಗಳು ಅಂತ ಕೇಳಿದ್ರ ನಾ ತೋರಸೂದು ಅಕೀನ. ಅಕಿ ಸುಳ್ಳ ಅಂದ ಮ್ಯಾಲ ನಾ ಯಾರು?”

“ಗೊತ್ತಿದ್ದೂ ಮುಚ್ಚಿಟ್ಟಿದ್ಲೇನ ಹಲಿನವ್ವ?”

“ಇಲ್ಲಕ್ಕಾ. ಅಕಿಗೆ ಗೊತ್ತಿರಲಿಲ್ಲ. ನಮ್ಮ ಮನೀದು, ನಮ್ಮ ಮನೀದು ಅಂತಿದ್ಲು. ಊಟದ ಮೇಜಿನ ಮ್ಯಾಲ ಹಳದಿ ರೇಸಿಮಿದು ಇತ್ತಂತ. ಅದರ ಕೆಳಗ ಎಲ್ಲಾರೂ ಕೂತು ಉಣತಿದ್ರಂತ. ಅಕಿ ಕಣ್ಣ ತೆರೆಯೂದ್ರಾಗ ಅದು ಅಲ್ಲಿತ್ತು.”

ಚತುರ್ದಶಿಯ ಮುಂಜಾನೆ ಅಗಸಿಯಲ್ಲಿ ಜನ ಸೇರಿತ್ತು. ನಾನು ಗಿರಣಿಗೆ ಬೀಗ ಹಾಕಿ ಹೋಗಿದ್ದೆ. ಶೇವಂತವ್ವ ಬಿಳಿ ಬಟ್ಟೆಯಲ್ಲಿ ಬುತ್ತಿ ಕಟ್ಟಿಕೊಂಡು ಬೇವಿನ ಕೆಳಗೆ ನಿಂತಿದ್ದಳು. ದುಂಡಪ್ಪಜ್ಜನಿಗೆ ಎಪ್ಪತ್ತೆಂಟು ವರ್ಷ. ಕಿವಿ ಚುರುಕು, ಮೊಣಕಾಲು ಇಲ್ಲ. ಕಟ್ಟೆಯ ಮೇಲೆ ಕೂತೇ ಅಂದ, “ಬಾ ಮಗಳ. ರೀತಿ ಗೊತ್ತೈತಲ್ಲ? ಮೂರು ಸಲ ಅನ್ನು, ಕಟ್ಟು.”

“ಅಜ್ಜಾ, ನಮ್ಮವ್ವ ಸುಳ್ಳ ಹೇಳಿಲ್ಲ.”

“ದಾರಿ ತಪ್ಪ ಇತ್ತೋ ಇಲ್ಲೋ?”

“ಇತ್ತು.”

“ಹಂಗಾರ?”

“ತಪ್ಪ ಇತ್ತು. ಸುಳ್ಳ ಇರಲಿಲ್ಲ.”

ಗುಂಪಿನಲ್ಲಿ ಗುಜುಗುಜು ಎದ್ದಿತು. ಬಾಗವ್ವ ಮುಂದೆ ಬಂದಳು. “ಏ ಶೇವಂತಿ, ಎರಡೂ ಒಂದ. ಅಂದ ಬಿಡ. ನನಗ ಒಲಿ ಮ್ಯಾಲ ಬ್ಯಾಳಿ ಐತಿ.”

ಶೇವಂತವ್ವ ಅವಳ ಕಡೆ ತಿರುಗಿದಳು. “ಬಾಗಕ್ಕಾ, ನಿಮ್ಮವ್ವ ಯಾವ ಊರಾಕಿ?”

“ನಮ್ಮ ಮನ್ಯಾಕಿ. ಮತ್ತ್ಯಾವ ಊರು?”

ಜನ ನಕ್ಕರು. ಬಾಗವ್ವನ ಮುಖ ಕೆಂಪಾಯಿತು. “ನಗ್ತೀರೇನ? ಹೊಳಿ ಆಚಿ ಊರಾಕಿ ಅಕಿ. ಅದ ಕೇಳಾಕತ್ತಿ ಅಂತ ತಿಳೀಲಿಲ್ಲ ನನಗ.”

“ನಿನಗ ಅದು ಯಾವಾಗ ತಿಳೀತು?”

“ನನಗ…” ಬಾಗವ್ವ ಸೆರಗು ಸರಿಮಾಡಿಕೊಂಡಳು. “ನನಗ ಹನ್ನೆರಡ ಇದ್ದಾಗ. ಅವ್ವನ ಅವ್ವ ತೀರಿಕೊಂಡ್ಲು ಅಂತ ಹೊಳಿ ದಾಟಿ ಹೋದ್ವಿ. ಅಲ್ಲಿ ಯಾವದೋ ಮನಿ. ಅವ್ವ ಒಳಗ ಹೋಗಿ, ಯಾರನ್ನೂ ಕೇಳದ ಗಡಿಗ್ಯಾಗಿಂದ ನೀರ ತಗೊಂಡ ಕುಡದ್ಲು. ಅಯ್ಯ, ಮಂದಿ ಮನ್ಯಾಗ ಹಿಂಗ ಮಾಡ್ತಾಳಲ್ಲ ಅಂತ ನನಗ ನಾಚಿಕಿ ಬಂತು. ಆಮ್ಯಾಲ ತಿಳೀತು. ಅಕೀಗೂ ಒಂದ ಊರ ಇತ್ತು ಅಂತ.” ಜಗಳಕ್ಕೆ ಬಂದವಳಿಗೆ ಜಗಳವೇ ಮರೆತುಹೋಗಿತ್ತು.

“ಅದನ್ನ ನಾ ಹೇಳೂದು ಅಜ್ಜಾ,” ಅಂದಳು ಶೇವಂತವ್ವ. “ಆ ಮಾತು ಪೋಲಂಡಿಗೆ ಸೊಸಿಯಾಗಿ ಬಂದಿತ್ತು, ಖರೆ. ಆದ್ರ ನಮ್ಮವ್ವ ಹುಟ್ಟಿದ್ದು ಅದೇ ಮನ್ಯಾಗ. ಹುಟ್ಟಿದ ಕೂಸಿಗೆ ಹೊರಗಿಂದ ಬಂದಾಕಿ ಅಂತ ಹೆಂಗ ಕಾಣತೈತಿ? ಮನಿಗೆ ಸೊಸಿ ಆದಾಕಿ ಕೂಸಿಗೆ ಅವ್ವ ಅಲ್ಲೇನು? ಅವ್ವ ಯಾವ ಊರಾಕಿ ಅಂತ ಯಾವ ಕೂಸು ಕೇಳತೈತಿ?”

ದುಂಡಪ್ಪಜ್ಜ ಎರಡೂ ಕೈಯಿಂದ ಮೊಣಕಾಲು ತಿಕ್ಕಿಕೊಂಡ. ಅವನು ಒಳ್ಳೆಯವನೇ, ಆದರೆ ಹಿರಿಯರು ಹಾಕಿದ್ದನ್ನು ಒಂದು ಕಡ್ಡಿಯಷ್ಟೂ ಸರಿಸದವನು. ಆಮೇಲೆ ಅಂದ, “ನಮ್ಮ ಹಿರ್‍ಯಾರು ಇದಕ್ಕ ಏನೂ ಹೇಳಿಟ್ಟಿಲ್ಲವ್ವಾ. ಸುಳ್ಳಿಗೆ ರೀತಿ ಐತಿ. ಇದಕ್ಕ ಇಲ್ಲ. ಮತ್ತ ನೀ ಏನಂತಿ? ಏನರೆ ಅನ್ನಲಿಕ್ಕ ಬೇಕು. ಬಾಯಿ ಮುಚ್ಚಿ ಬುತ್ತಿ ಕಟ್ಟಾಕ ಬರಂಗಿಲ್ಲ.”

ಶೇವಂತವ್ವ ಟೊಂಗೆಯ ಕಡೆ ತಿರುಗಿದಳು. ದನಿ ಮೊದಲು ಸಣ್ಣಗಿತ್ತು, ಆಮೇಲೆ ಎತ್ತರವಾಯಿತು. “ನಮ್ಮವ್ವ ಹಲೀನಾ ಹೇಳಿದ್ದು ಅಕಿ ನಡದಷ್ಟು ದಾರಿ. ಮುಂಬಯಿ, ಹಡಗು, ಇರಾಣ, ಹಿಮದ ನಾಡು, ಪೋಲಂಡು. ಅಲ್ಲಿ ಒಂದ ದಿನ ಹೆಚ್ಚಿಗಿ ನಿಲ್ಲು ತಾಯಿ, ಅದು ನೀ ಸಂಸಾರ ಮಾಡಿದ ಮನಿ, ಅಲ್ಲಿ ನಿನ್ನ ಮಕ್ಕಳ ಇದ್ರು. ಮುಂದಿಂದು ನಾ ಹೇಳ್ತೀನಿ. ಪಡುವಣಕ್ಕ ಐದ ವಸತಿ. ಫ್ರಾನ್ಸು. ಅಲ್ಲಿ ಕಿಟಕ್ಯಾಗ ಹಗಲ ಇಳಸ್ತಿದ್ರಂತ, ಅದು ನಿನ್ನ ತವರು. ನಲವತ್ತ ವರ್ಷ ಉಪಾಸ ನಡಸೇವಿ ನಿನ್ನ. ತಪ್ಪಾತು. ಐದ ರೊಟ್ಟಿ ಹೆಚ್ಚಿಗಿ ಇಟ್ಟೇನಿ. ಬಾ.”

ಮೂರು ಸಲ ಹೇಳಿದಳು, ಮೂರೂ ಸಲ ಹಾಗೇ, ಒಂದು ಊರೂ ಬಿಡದೆ. ಆಮೇಲೆ ಅಜ್ಜನ ಕಡೆ ನೋಡಿದಳು. ಅಜ್ಜ ತಲೆ ಆಡಿಸಿದನೋ ಕತ್ತು ನೋಯುತ್ತಿತ್ತೋ, ನನಗೆ ಇಂದಿಗೂ ಗೊತ್ತಿಲ್ಲ. ಅವಳು ಕಟ್ಟಿದಳು. ಟೊಂಗೆ ಎತ್ತರವಿತ್ತು, ಗಂಟು ಹಾಕುವಾಗ ಬುತ್ತಿ ಹಿಡಿದು ನಿಂತವಳು ಬಾಗವ್ವ. “ಬಿಗಿಯಾಗಿ ಕಟ್ಟ. ಕಾಗಿ ಒಯ್ದಾವು,” ಅಂತ ಬೈಯುತ್ತಲೇ ಹಿಡಿದಿದ್ದಳು.

ಅಮಾವಾಸ್ಯೆಯ ದಿನ ನಾನು ಗಿರಣಿ ತೆರೆಯಲೇ ಇಲ್ಲ. ಮುಂಜಾನೆಯಿಂದ ಶೇವಂತವ್ವನ ಅಂಗಡಿಯಲ್ಲಿ ಕೂತೆ. ಅವಳು ಹೊಲಿಯುತ್ತಿದ್ದಳು. ನಾನು ನಡುನಡುವೆ ಆ ಮಾತು ಆಡಲು ನೋಡುತ್ತಿದ್ದೆ. ನಾಲಿಗೆ ಎದ್ದು ಮಲಗುತ್ತಿತ್ತು. ಅವಳು ಒಮ್ಮೆಯೂ ಆಡಿ ನೋಡಲಿಲ್ಲ. “ಮ್ಯಾಲಿಂದ ಮ್ಯಾಲ ಬಾಗಲಾ ನೋಡಿದ್ರ ಬರೂ ಹೆಣಮಗಳಿಗೆ ಸಂಕೋಚ ಆಗತೈತಿ,” ಅಂದಳು. ಮಧ್ಯಾಹ್ನವಾಯಿತು. ದುಂಡಪ್ಪಜ್ಜ ಎರಡು ಸಲ ಯಾರನ್ನೋ ಕಳಿಸಿ ಕೇಳಿದ. ಇಲ್ಲ ಅಂದೆವು. ಬಿಸಿಲು ತಗಡಿನ ಮೇಲಿಂದ ಇಳಿದು, ಕಟ್ಟೆಯಿಂದ ಇಳಿದು, ದಾರಿಯ ಆ ಬದಿಗೆ ಹೋಯಿತು.

“ಶೇವಂತಿ, ಬರದಿದ್ರ?” ಅಂತ ನಾನೇ ಕೇಳಿದೆ. ಕೇಳಬಾರದಿತ್ತು.

“ಬರದಿದ್ರ ತವರಾಗ ಅದಾಳ ಅಂತ ತಿಳಕೋತೀನಿ. ಹೊಟ್ಟಿ ತುಂಬ ಉಂಡ ಅದಾಳ ಅಂತ. ಇಷ್ಟ ದಿನ ಅದೂ ಗೊತ್ತಿರಲಿಲ್ಲಲ್ಲ.” ಅವಳು ದಾರ ಹಲ್ಲಿನಿಂದ ಕಡಿದಳು. “ಆದ್ರ ಊರಿಗೆ ಮಾತ್ರ ನಮ್ಮವ್ವನ ನೆನಪ ಹೋತು. ಅದಕ್ಕ ಏನ ಮಾಡಲಿ ಅಂತ ತಿಳೀವಲ್ದು.”

ಹೊರಗೆ ಚಪ್ಪಲಿ ಎಳೆಯುವ ಸಪ್ಪಳವಾಯಿತು. ಬಾಗವ್ವ. ಕೈಯಲ್ಲಿ ಬರೀ ಬಿದಿರಿನ ಪಂಜರವಾದಂತಿದ್ದ ಒಂದು ಹಳೆಯ ಕುಂಚಿಗೆ. ಒಳಗೆ ಬಾರದೆ, ದಾರಿಯಲ್ಲೇ ನಿಂತು, ಮೂಗು ಸಿಂಡರಿಸಿ ಶುರು ಮಾಡಿದಳು.

“ಏ ಶೇವಂತಿ, ಏನ ಅರಿವಿ ಹಾಕ್ತೀಯ ನೀ? ಎರಡ ವರ್ಷ ತಡೀಲಿಲ್ಲ. ನಮ್ಮ ಪಡಸಾಲ್ಯಾಗಿನ ಅಬಜೂರು ಪೂರಾ ಹರದೇತಿ. ಹುಳ ಎಲ್ಲಾ ಸಾರಿನ್ಯಾಗ ಬೀಳಾಕತ್ತಾವ. ನಾಳಿ ಒಳಗ ಹೊಲದ ಕೊಡ.”

ಶೇವಂತವ್ವನ ಸೂಜಿ ನಿಂತಿತು. “ಏನ ಹರದೇತಿ ಬಾಗಕ್ಕಾ?”

“ಅಬಜೂರು! ಕಿವಿ ಕೆಟ್ಟಾವೇನ? ನೀಲಿ ಬಣ್ಣದ್ದು ಹಚ್ಚು. ಹಳದಿ ಬ್ಯಾಡ, ಹೊಲಸ ಕಾಣತೈತಿ,” ಅಂತ ಅದನ್ನು ಕಟ್ಟೆಯ ಮೇಲೆ ಒಗೆದು, ತಾನು ಏನು ಆಡಿದೆ ಅನ್ನುವುದರ ಖಬರೇ ಇಲ್ಲದೆ, ಹುಳುಗಳನ್ನು ಬೈಯುತ್ತ ತಿರುವಿನಲ್ಲಿ ಮರೆಯಾದಳು.

ಶೇವಂತವ್ವ ಎದ್ದಳು. ಒಳಗೆ ಹೋಗಿ, ಹಂಡೆಯಿಂದ ತಂಬಿಗೆ ತುಂಬ ಬಿಸಿನೀರು ತೆಗೆದು, ತಣ್ಣೀರು ಬೆರೆಸಿ, ಬೆರಳು ಅದ್ದಿ ನೋಡಿ, ತಂದು ಹೊಸ್ತಿಲ ಹೊರಗೆ ಕಾಲು ತೊಳೆಯುವ ಕಲ್ಲಿನ ಪಕ್ಕ ಇಟ್ಟಳು.